ಬ್ಯಾನರಿನ ಮೇಲೆ ನಗುತ್ತಿದ್ದ ದೊಡ್ಡಮ್ಮ

ನನ್ನ ದೊಡ್ಡಮ್ಮನ ಎಡಹುಬ್ಬು ಅರ್ಧಕ್ಕೇ ನಿಂತಿತ್ತು. ಹುಡುಗಿಯಾಗಿದ್ದಾಗ ಯಾರದೋ ಗುದ್ದಲಿ ತಾಗಿ ಆದ ಗಾಯ. ಅಲ್ಲಿ ಮತ್ತೆ ಕೂದಲು ಹುಟ್ಟಲಿಲ್ಲ. ಸಿಟ್ಟು ಬಂದರೆ ಆ ಬೋಳು ಜಾಗ ಮೊದಲು ಕೆಂಪಾಗುತ್ತಿತ್ತು, ಮಾತು ಆಮೇಲೆ ಬರುತ್ತಿತ್ತು.

ಹೊಳೆಯ ಈಚೆ ದಡದ ನಮ್ಮೂರು ಮರಕ್ಕಡವಿನಲ್ಲಿ ಶುಂಠಿ ಕೆಲಸದ ಹೆಂಗಸರ ಗುಂಪಿಗೆ ಅವಳು ಮೇಸ್ತ್ರಿ. ಬೆಳಿಗ್ಗೆ ಎಲ್ಲರನ್ನೂ ದೋಣಿ ಹತ್ತಿಸಿ, ಕಬಿನಿ ದಾಟಿಸಿ, ಕರ್ನಾಟಕದ ಕಡೆಯ ಹೊಲಗಳಿಗೆ ಕರೆದೊಯ್ಯುತ್ತಿದ್ದಳು. ಅಲ್ಲಿ ಹೊಲ ಗುತ್ತಿಗೆ ಹಿಡಿದ ಮಲಯಾಳಿಗಳನ್ನು ಬೈಯುವಾಗ ಮಲಯಾಳ, ನಮ್ಮನ್ನು ಬೈಯುವಾಗ ಕನ್ನಡ. ಮಧ್ಯಾಹ್ನ ಕೂರಲು ನೆರಳಿಲ್ಲದ ಕಡೆ ಗುಂಪನ್ನು ಇಳಿಸುತ್ತಲೇ ಇರಲಿಲ್ಲ. "ಮೊದಲು ಚಪ್ಪರ ಹಾಕಿ, ಆಮೇಲೆ ಕಳೆ ಕೀಳ್ತೀವಿ" ಎಂದು ಬದುವಿನ ಮೇಲೆ ಕೂತುಬಿಡುತ್ತಿದ್ದಳು. ಅಮ್ಮ ಹಾಸಿಗೆ ಹಿಡಿದಾಗ ನನ್ನನ್ನು ಓದಿಸಿದವಳೂ ಅವಳೇ.

ಎದೆನೋವು ಬಂದದ್ದೂ ಹೊಲದಲ್ಲೇ. ಗ್ಯಾಸ್ ಅಂದುಕೊಂಡು ಸೋಡಾ ಕುಡಿದು ಸಂಜೆಯವರೆಗೆ ಸುಮ್ಮನಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೃದಯದ ಸ್ನಾಯುವಿನ ಒಂದು ಭಾಗ ಸತ್ತುಹೋಗಿತ್ತು. "ಆ ಜಾಗ ಕಲೆಗಟ್ಟಿದೆ, ಇನ್ನು ಕೆಲಸ ಮಾಡೋದಿಲ್ಲ. ಉಳಿದದ್ದನ್ನು ಕಾಪಾಡ್ಕೋಬೇಕು. ಗುಳಿಗೆ ಮಾತ್ರ ಬಿಡಬೇಡಿ" ಎಂದರು ಡಾಕ್ಟರು.

ಜಗಲಿಯ ಮೇಲೆ ಕೂತು, ಬೇರೊಬ್ಬಳು ತನ್ನ ಗುಂಪನ್ನು ಕರೆದುಕೊಂಡು ಹೋಗುವುದನ್ನು ನೋಡುವುದು ಅವಳಿಗೆ ಸಾವಿಗಿಂತ ಕಷ್ಟವಾಯಿತು. ಅಂಥ ಹೊತ್ತಿಗೇ ಅವನು ಬಂದ. ಯಾವುದೋ ದೂರದ ನಗರದ ಕ್ಲಿನಿಕ್ಕಿನವನು. ಇಸ್ತ್ರಿಯ ಅಂಗಿ, ಮೆತ್ತಗಿನ ಮಾತು. ನಿಮ್ಮದೇ ಮೂಳೆಯೊಳಗಿಂದ ಕಾಂಡಕೋಶ, ಅಂದರೆ ಸ್ಟೆಮ್ ಸೆಲ್, ತೆಗೆದು ಹೃದಯಕ್ಕೆ ಚುಚ್ಚುತ್ತೇವೆ, ಸತ್ತ ಸ್ನಾಯು ಮತ್ತೆ ಚಿಗುರುತ್ತದೆ ಎಂದು ಫೋನಿನಲ್ಲಿ ವಿಡಿಯೋ ತೋರಿಸಿದ.

ನಾನು ಡಾಕ್ಟರನ್ನು ಕೇಳಿದೆ. "ಅದಿನ್ನೂ ಸಂಶೋಧನೆಯ ಹಂತದಲ್ಲಿದೆ. ಮಾರುವಷ್ಟು ಖಾತ್ರಿ ಯಾರಿಗೂ ಇಲ್ಲ. ಮಾರ್ತಿದ್ದಾರೆ ಅಂದ್ರೆ ಅದೇ ಮೋಸ" ಎಂದರು. ದೊಡ್ಡಮ್ಮನಿಗೆ ಹೇಳಿದೆ. ಹುಬ್ಬು ಕೆಂಪಾಯಿತು.

"ನಿನ್ನ ಡಾಕ್ಟರಿಗೆ ನಾನು ಹಿಂಗೇ ಕೂತಿರಬೇಕು, ಅಲ್ವಾ? ನನಗೆ ದೋಣಿ ಹತ್ತಬೇಕು ಮಗಾ."

ಎಮ್ಮೆ ಮಾರಿ ಆ ಕ್ಲಿನಿಕ್ಕಿಗೆ ಹೋದಳು. ಸೊಂಟದ ಮೂಳೆಗೆ ಸೂಜಿ ಹಾಕಿಸಿಕೊಂಡು ಬಂದಳು. ಅಲ್ಲಿಯ ಮಂಚದ ಮೇಲೆ ಹೆಬ್ಬೆರಳು ಎತ್ತಿಸಿ ಫೋಟೋ ತೆಗೆದಿದ್ದರಂತೆ. ಕೆಲವು ವಾರ ನಿಜಕ್ಕೂ ಹುರುಪಿನಲ್ಲಿದ್ದಳು. ಆಸೆಗೂ ಅಷ್ಟು ಶಕ್ತಿಯಿದೆ. ಹೊಸ ಸ್ನಾಯು ಬರುತ್ತಿರುವಾಗ ಹಳೆಯ ಗುಳಿಗೆ ಯಾಕೆ ಎಂದು ಅವನೇ ಫೋನಿನಲ್ಲಿ ಹೇಳಿದನಂತೆ. ನಮಗೆ ಹೇಳದೆ ಗುಳಿಗೆ ಬಿಟ್ಟಳು.

ಕಾಲು ಊದಿತು. ಮಲಗಿದರೆ ಉಸಿರು ಕಟ್ಟತೊಡಗಿತು. ಹೃದಯದ ಸ್ಕ್ಯಾನ್ ಮಾಡಿದ ಡಾಕ್ಟರು, ಏನೂ ಚಿಗುರಿಲ್ಲ, ಇದ್ದ ಶಕ್ತಿಯೂ ಕುಂದಿದೆ ಎಂದರು. ದೊಡ್ಡಮ್ಮ ಬೈಯದೆ ಕೂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಒಂದೆರಡು ತಿಂಗಳಿಗೆ ಅದೇ ಕ್ಲಿನಿಕ್ಕಿನವರು ಕಲ್ಪೆಟ್ಟದ ಒಂದು ಸಭಾಂಗಣದಲ್ಲಿ ಶಿಬಿರ ಇಟ್ಟರು. ಹೊರಗಿನ ಬ್ಯಾನರಿನಲ್ಲಿ ಹೆಬ್ಬೆರಳೆತ್ತಿ ನಗುತ್ತಿರುವ ದೊಡ್ಡಮ್ಮ. ಕೆಳಗೆ ಮಲಯಾಳದಲ್ಲಿ, 'ಹೊಸ ಹೃದಯ ಪಡೆದ ಅಮ್ಮ.' ಊರಿನ ಒಬ್ಬಳು ನೋಡಿ ಬಂದು ಹೇಳಿದಳು. "ಕರ್ಕೊಂಡು ಹೋಗು" ಎಂದು ದೊಡ್ಡಮ್ಮ ಹಟ ಹಿಡಿದಳು. ಜೀಪು ಮಾಡಿಸಿ ಕರೆದೊಯ್ದೆ.

ಅವಳನ್ನು ಕಂಡು ಆ ಇಸ್ತ್ರಿ ಅಂಗಿಯವನ ಮುಖ ಅರಳಿತು. "ನೋಡಿ, ನಮ್ಮ ಅಮ್ಮನೇ ಬಂದಿದ್ದಾರೆ!" ಎಂದು ಕೈಹಿಡಿದು ವೇದಿಕೆಯ ಮೇಲೆ ಕೂರಿಸಿ ಮೈಕು ಕೊಟ್ಟ. ದೊಡ್ಡಮ್ಮ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದಳು. ಊದಿದ ಕಾಲನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಗುಳಿ ಬಿದ್ದದ್ದು ಹಾಗೇ ಉಳಿಯಿತು.

"ಹೊಸ ಹೃದಯ ಇದ್ದವಳ ಕಾಲು ನೋಡಿ" ಎಂದಳು, ಮಲಯಾಳದಲ್ಲಿ. "ಇವನು ಚಿಗುರುತ್ತೆ ಅಂದ, ಚಿಗುರಲಿಲ್ಲ. ಗುಳಿಗೆ ಬಿಡು ಅಂದ, ಬಿಟ್ಟೆ. ನೀವು ಬಿಡಬೇಡಿ."

ಮೈಕು ಸತ್ತಿತು. ನಾಲ್ಕು ಹೊಲದಾಚೆಗೆ ಕೇಳಿಸುವ ಗಂಟಲಿಗೆ ಮೈಕು ಯಾಕೆ? ಏದುಸಿರು ಬಿಡುತ್ತಾ ಮತ್ತೆ ಅದನ್ನೇ ಹೇಳಿದಳು. ಕೆಲವರು ಎದ್ದು ಹೋದರು. ಆದರೆ ಎಷ್ಟೋ ಜನ ಕೂತೇ ಇದ್ದರು. ಮುಂದಿನ ಸಾಲಿನವನೊಬ್ಬ, "ಇವರಿಗೆ ಆಗಲಿಲ್ಲ ಅಂತ ನಮಗೂ ಆಗಬಾರದಾ?" ಎಂದ. ಅವನ ಪಕ್ಕದಲ್ಲಿ ತುಟಿ ನೀಲಿಗಟ್ಟಿದ ಹೆಂಡತಿ ಕೂತಿದ್ದಳು. ಅವನ ಮೇಲೆ ಸಿಟ್ಟಾಗಲೂ ನನ್ನಿಂದ ಆಗಲಿಲ್ಲ.

ಜೀಪಿನಲ್ಲಿ ದೊಡ್ಡಮ್ಮ ಕೇಳಿದಳು, "ಅವರಿಗೆಲ್ಲ ಯಾಕೆ ಸಿಟ್ಟು ಬರಲಿಲ್ಲ?"

"ಆಸೆ ಇತ್ತಲ್ಲ ದೊಡ್ಡಮ್ಮ."

"ನನಗೂ ಇತ್ತು" ಎಂದಳು.

ಶುಂಠಿ ಕೀಳುವ ಕಾಲಕ್ಕೆ ತೀರಿಕೊಂಡಳು. ಕೊನೆಯ ದಿನಗಳಲ್ಲಿ ವಾರ್ಡಿನಲ್ಲಿ ಪಕ್ಕದ ಮಂಚದವರಿಗೆಲ್ಲ ಗುಳಿಗೆ ನುಂಗಿದಿರಾ ಎಂದು ಗದರುತ್ತಿದ್ದಳು. ಅವಳ ಗುಂಪಿನ ಹೆಂಗಸರು ಕೆಲಸ ಬಿಟ್ಟು ಹೊಳೆ ದಾಟಿ ಬಂದು ಹೆಣ ಹೊತ್ತರು.

ಹೋದ ತಿಂಗಳು ಯಾರೋ ಬಸ್ಸಿನಲ್ಲಿ ಕೈಗೆ ಜಾಹೀರಾತಿನ ಚೀಟಿ ತುರುಕಿದರು. ನೋಡಿದರೆ ದೊಡ್ಡಮ್ಮ, ಅದೇ ಹೆಬ್ಬೆರಳು. ಕ್ಲಿನಿಕ್ಕಿನ ಹೆಸರು ಮಾತ್ರ ಬೇರೆ. ಅದರಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಅದೇ ಮೆತ್ತಗಿನ ದನಿ.

"ಪೇಷಂಟ್ ಯಾರು?"

"ನಿಮ್ಮ ಚೀಟಿಯ ಮೇಲಿರುವವರು. ಅವರು ತೀರಿಹೋಗಿದ್ದಾರೆ. ನನ್ನ ದೊಡ್ಡಮ್ಮ."

ಅವನು ಕೇಳಿದ:

"ಅಯ್ಯೋ ಪಾಪ. ನಿಮ್ಮ ಮನೆಯಲ್ಲಿ ಇನ್ಯಾರಿಗಾದರೂ ಹೃದಯದ ತೊಂದರೆ ಇದೆಯೇ?"