ಗುಡಿಸಿಟ್ಟ ಓಣಿ

ಅಫಜಲಪುರದ ತಗ್ಗಿನ ಓಣಿಯೊಂದರಲ್ಲಿ ಗಂಗಾಬಾಯಿ ಮೂವತ್ತು ವರ್ಷ ಕಸಬರಿಗೆ ಹಿಡಿದೇ ಬದುಕಿದಳು. ಮೇಲಿನ ಓಣಿಗಳ ಬಚ್ಚಲ ನೀರೆಲ್ಲ ಅವಳ ಹೊಸ್ತಿಲ ಮುಂದೆ ಬಂದು ನಿಲ್ಲುತ್ತಿತ್ತು. ಮುಂದೆ ಹರಿಯಲು ಗಟಾರವಿರಲಿಲ್ಲ. ಹೋದ ಮಳೆಗಾಲದಲ್ಲಿ ಮೊಮ್ಮಗಳು ಭಾಗ್ಯಾ ವಾಂತಿಭೇದಿಯಾಗಿ ಕಲಬುರಗಿಯ ದವಾಖಾನೆ ಸೇರಿ ಹೇಗೋ ಉಳಿದು ಬಂದಿದ್ದಳು. ಇನ್ನೊಂದು ಮಳೆಗಾಲದೊಳಗೆ ಗಟಾರ ಆಗಬೇಕು. ಮಗ, ಸೊಸೆ ಕೂಲಿಗೆ ಹೋದ ಮೇಲೆ ಮುದುಕಿಗೆ ಇದೊಂದೇ ಧ್ಯಾನ.

ಪುರಸಭೆಗೆ ಅರ್ಜಿ ಬರೆದುಕೊಟ್ಟವರು ಎದುರುಮನೆಯ ಜಹೀರುದ್ದೀನ ಮಾಸ್ತರು. ಉರ್ದು ಕಲಿಸಿ ನಿವೃತ್ತರಾದವರು. ಓಣಿ ಹೇಗಿದೆಯೆಂದು ಒಂದೇ ಶಬ್ದದಲ್ಲಿ ಬರೆದರು: ಗಲೀಜು. ಅದು ಅರಬ್ಬಿಯಿಂದ ಉರ್ದುವಿಗೆ, ಉರ್ದುವಿನಿಂದ ನಮ್ಮ ಬಾಯಿಗೆ ಬಂದದ್ದೆಂದೂ, ಮೊದಲು ಅದಕ್ಕೆ ದಪ್ಪ, ಮಂದ ಎಂಬಷ್ಟೇ ಅರ್ಥವಿತ್ತೆಂದೂ, ಹೊಲಸೆಂಬುದು ಆಮೇಲೆ ಸೇರಿಕೊಂಡಿತೆಂದೂ ತಿಳಿಸಿದರು. ಗಂಗಾಬಾಯಿ ಬಾಗಿಲ ಮುಂದಿನ ನೀರು ನೋಡಿದಳು. ಅದರಲ್ಲಿ ಯಾರೋ ಊರಿದ್ದ ಕೋಲು ಬೀಳದೆ ನಿಂತಿತ್ತು.

"ಬರೋಬ್ಬರಿ ಐತ್ರಿ ಮಾಸ್ತರ. ಆ ಮಂದಿ ನಮ್ಮ ಓಣಿ ನೋಡೇ ಹೆಸರಿಟ್ಟಾರ."

ಬೇಸಿಗೆಯಲ್ಲಿ ಪುರಸಭೆಯ ಸಾಹೇಬರು ನೋಡಲು ಬರುತ್ತಾರೆಂಬ ಸುದ್ದಿ ಬಂತು. ಮಾಸ್ತರು ಇಜೇರಿಗೆ ಮಗಳ ಮನೆಗೆ ಹೋಗಿದ್ದರು. ಗಂಗಾಬಾಯಿ ಹೆಂಗಸರನ್ನು ಕೂಡಿಸಿ ಎರಡು ದಿನ ಬುಟ್ಟಿಗಟ್ಟಲೆ ರಾಡಿ ಹೊರಿಸಿದಳು. ಮೇಲಿನವರನ್ನು ಬೇಡಿ ಒಂದು ದಿನ ನೀರು ತಡೆಸಿದಳು. ಮಣ್ಣು ಹರವಿ, ಸೆಗಣಿ ಸಾರಿಸಿ, ರಂಗೋಲಿ ಎಳೆದಳು.

ಸಾಹೇಬರು ಚಹಾ ಕುಡಿದರು. ಓಣಿ ಚೊಕ್ಕ ಇದೆಯೆಂದು ಹೊಗಳಿ, ಅದನ್ನೇ ಬರೆದುಕೊಂಡು ಹೋದರು. ಗಟಾರ ಬೇರೆ ಓಣಿಗೆ ಮಂಜೂರಾಯಿತು.

ತಿರುಗಿ ಬಂದ ಮಾಸ್ತರು ತಲೆ ಹಿಡಿದು ಕೂತರು. "ಹೆಂಗಿತ್ತೋ ಹಂಗ ಬಿಡಬೇಕಿತ್ತು ಗಂಗವ್ವಾ."

"ಮನಿಗಿ ಬಂದವ್ರನ್ನ ಹೊಲಸ್ನ್ಯಾಗ ಹೆಂಗ ನಿಂದ್ರಸ್ಲಿರಿ?"

ಆಷಾಢದ ಮಳೆಗೆ ನೀರು ಒಲೆಯವರೆಗೆ ಬಂತು. ಭಾಗ್ಯಾಳಿಗೆ ಮತ್ತೆ ಅದೇ ಬೇನೆ. ಈ ಸಲ ಅವಳು ಕಲಬುರಗಿ ಮುಟ್ಟಲಿಲ್ಲ.

ಮಾಸ್ತರು ಇನ್ನೊಂದು ಅರ್ಜಿ ಬರೆದರು. ಶಬ್ದ ಬದಲಿಸಲಿಲ್ಲ. ದೀಪಾವಳಿ ಕಳೆದು ಸಾಹೇಬರು ಬಂದಾಗ ಗಂಗಾಬಾಯಿ ಹೊಸ್ತಿಲ ಮೇಲೆ ಸುಮ್ಮನೆ ಕೂತಿದ್ದಳು. ಕಸಬರಿಗೆ ಮೂಲೆಯಲ್ಲಿತ್ತು. ಚಹಾಕ್ಕೆ ಕರೆಯಲಿಲ್ಲ. ಅವರು ಮೂಗಿಗೆ ಕರವಸ್ತ್ರ ಹಿಡಿದು, ಕಲ್ಲಿನ ಮೇಲೆ ನಿಂತೇ, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು.

ನಾಕು ಎಂಬುದು ಬಾಯಿತನಕ ಬಂದಿತ್ತು.

"ಮೂರು ಬರ್ಕೋರಿ," ಅಂದಳು.