ಗೇಟಿನಲ್ಲಿ ನಿಲ್ಲಿಸಿದ ಕೋಚ್

ಹಾರ್ಲನ್ ಟಾಫ್ಟ್ ಅವರ ಅಂತ್ಯಕ್ರಿಯೆ ಮೊನ್ನೆ ಶನಿವಾರ ನಮ್ಮ ಶಾಲೆಯ ಜಿಮ್ಮಿನಲ್ಲಿ ನಡೆಯಿತು. ಅಷ್ಟು ಜನಕ್ಕೆ ಚರ್ಚು ಸಾಲುತ್ತಿರಲಿಲ್ಲ. ಪಾದ್ರಿಗಳು ನನಗೆ ಮಾತಾಡಲು ಮೂರು ನಿಮಿಷ ಕೊಟ್ಟರು. ಮೂರು ನಿಮಿಷ! ಮೂವತ್ತೊಂದು ವರ್ಷ ಗಣಿತ ಕಲಿಸಿ, ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಆಡಿಸಿ, ಶಾಲೆಯ ಬಸ್ಸನ್ನೂ ತಾವೇ ಓಡಿಸಿ, ಅದರ ಮೇಲೆ ಇನ್ನೂರು ಹಸು ಸಾಕಿದ ಮನುಷ್ಯನಿಗೆ! ನಾನು ಇಪ್ಪತ್ತು ನಿಮಿಷ ಮಾತಾಡಿದೆ. ಯಾರೂ ಎದ್ದು ಹೋಗಲಿಲ್ಲ, ಆ ಧೈರ್ಯದ ಮೇಲೆ ಇಲ್ಲೂ ಬರೆಯುತ್ತಿದ್ದೇನೆ.

ನೆಬ್ರಾಸ್ಕಾದ ಮರಳುಗುಡ್ಡಗಳ ನಡುವಿನ ನಮ್ಮ ವಿಲೋ ಬೆಂಡ್‌ನಲ್ಲಿ ಮೇಷ್ಟರ ಕೆಲಸ ಎಲ್ಲಿ ಮುಗಿದು ದನದ ಕೆಲಸ ಎಲ್ಲಿ ಶುರುವಾಗುತ್ತದೆಂದು ಅವರಿಗೇ ಗೊತ್ತಿರಲಿಲ್ಲ. ಮೇಜಿನ ಡ್ರಾಯರಿನಲ್ಲಿ ಸೀಮೆಸುಣ್ಣದ ಪಕ್ಕದಲ್ಲೇ, ಹೆರಿಗೆ ಕಷ್ಟವಾದಾಗ ಕರು ಎಳೆಯುವ ಸರಪಳಿ ಇರುತ್ತಿತ್ತು. ಒಂದು ಫೆಬ್ರವರಿಯಲ್ಲಿ, ಹಿಮದಲ್ಲಿ ಹುಟ್ಟಿ ಸೆಟೆದುಕೊಂಡಿದ್ದ ಕರುವನ್ನು ಕೋಟಿನಲ್ಲಿ ಸುತ್ತಿ ತಂದು, ತರಗತಿಯ ಹೀಟರಿನ ಪಕ್ಕ ಮಲಗಿಸಿ, ನಮಗೆ ಪರೀಕ್ಷೆ ಕೊಟ್ಟರು. ಅರ್ಧ ಗಂಟೆಗೆ ಕರು ಎದ್ದು ಬಂದು ನನ್ನ ಉತ್ತರಪತ್ರಿಕೆ ನೆಕ್ಕಿತು.

"ಕೋಚ್, ನಂದೆಲ್ಲಾ ಒದ್ದೆ ಆಯ್ತು!"

"ನೋಡ್ದೆ ನೋಡ್ದೆ. ಅಳಿಸಿ ಹೋಗಿದ್ದೆಲ್ಲಾ ತಪ್ಪು ಉತ್ತರಾನೇ. ಕರುಗೊಂದು ಥ್ಯಾಂಕ್ಸ್ ಹೇಳು," ಅಂದರು.

ಶಾಲೆಯಲ್ಲಿ ಆಡಬಲ್ಲ ಹುಡುಗಿಯರು ಇದ್ದದ್ದೇ ಐದು ಜನ. ಬೆಂಚಿನ ಮೇಲೆ ನೀರಿನ ಕ್ಯಾನ್ ಬಿಟ್ಟರೆ ಬದಲಿ ಆಟಗಾರ್ತಿ ಅಂತ ಯಾರೂ ಇಲ್ಲ. ಆ ಐವರಲ್ಲಿ ಮುಂಗೋಪಿ ನಾನು, ರೋಂಡಾ. ನನ್ನನ್ನು ದಾಟಿ ಯಾರೂ ಹೋಗಕೂಡದು, ಅಷ್ಟೇ ನನ್ನ ಆಟ. 1983ರ ಜಿಲ್ಲಾ ಫೈನಲ್‌ನಲ್ಲಿ ಅದೇ ನಮ್ಮನ್ನು ಮುಳುಗಿಸಿತು. ಗೆದ್ದರೆ ರಾಜ್ಯದ ಪಂದ್ಯಕ್ಕೆ ಹೋಗಬಹುದಿತ್ತು, ನಮ್ಮೂರು ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ. ನಾವು ಎರಡು ಅಂಕ ಮುಂದಿದ್ದೆವು. ಕೊನೆಯ ಗಳಿಗೆಯಲ್ಲಿ ಕೆಸ್ಲರ್ ಊರಿನ ಲೊರೇನ್ ಬುಟ್ಟಿಯತ್ತ ನುಗ್ಗಿದಳು. ಬಿಟ್ಟಿದ್ದರೆ ಬರೀ ಸಮ ಆಗುತ್ತಿತ್ತು. ನಾನು ಬಿಡಲಿಲ್ಲ, ಮೈಮೇಲೆ ಬಿದ್ದೆ. ಚೆಂಡು ಬುಟ್ಟಿಗೂ ಬಿತ್ತು, ನನ್ನ ತಪ್ಪಿಗೆ ಅವಳಿಗೆ ಇನ್ನೊಂದು ಎಸೆತ ಪುಕ್ಕಟೆ ಸಿಕ್ಕಿತು, ಅದೂ ಬಿತ್ತು. ಒಂದೇ ಅಂಕದಲ್ಲಿ ಸೋತೆವು. ಊರಿಗೆ ಊರೇ ನನ್ನ ಮೇಲೆ ಮುಖ ಊದಿಸಿಕೊಂಡಿತು.

ಆ ವಾರದ ಪತ್ರಿಕೆಗೆ ಕೋಚ್ ಹೇಳಿದ್ದು ಇಷ್ಟೇ: "ತಪ್ಪು ನಂದು. ಆ ಹುಡುಗಿಗೆ ತಡೆಯೋದು ಕಲಿಸ್ದೆ, ಬಿಡೋದು ಕಲಿಸ್ಲಿಲ್ಲ." ಓದಿ, ಕೊಟ್ಟಿಗೆಯಲ್ಲಿ ಕೂತು ಅತ್ತುಬಿಟ್ಟೆ.

ಅಕ್ಟೋಬರಿನಲ್ಲಿ ಕರುಗಳನ್ನು ತಾಯಂದಿರಿಂದ ಬೇರೆ ಮಾಡುವ ದಿನ ಬಂತು. ನೆರೆಹೊರೆಯವರೆಲ್ಲ ಸೇರುವ ಕೆಲಸ ಅದು. ಒಬ್ಬರು ದನ ಅಟ್ಟುತ್ತಾ ಕೂಗುತ್ತಾರೆ: ಕರುವಾದರೆ "ತಡಿ!", ತಾಯಿಯಾದರೆ "ಬಿಡು!" ಗೇಟಿನಲ್ಲಿ ನಿಂತವರು ಆ ಕ್ಷಣಕ್ಕೇ ಅಡ್ಡ ನಿಲ್ಲಬೇಕು, ಇಲ್ಲವೇ ಸರಿಯಬೇಕು. ಅದು ತಲೆ ನರೆತವರ ಜಾಗ. ಕೋಚ್ ಅಲ್ಲಿ ನನ್ನನ್ನು ನಿಲ್ಲಿಸಿದರು.

"ಬಿಡು!" ಅಂದರು. ನಾನು ಎರಡೂ ಕೈ ಅಗಲಿಸಿ ನಿಂತೆ. ಆರುನೂರು ಕಿಲೋ ಹಸು ನನ್ನನ್ನು ಸಗಣಿಯಲ್ಲಿ ಉರುಳಿಸಿ ಹೊರಟುಹೋಯಿತು.

"ಯಾಕಮ್ಮಾ, ಅವಳ ಹತ್ರ ಟಿಕೆಟ್ ಇರ್ಲಿಲ್ವಾ?"

ಬೇಲಿ ಹಿಡಿದು ನಿಂತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲಾ ಉರಿಯಿತು. "ನಾನಿನ್ನು ನಿಲ್ಲಲ್ಲ ಕೋಚ್!"

"ನಿಲ್ತೀಯ. ಕಣ್ಣು ನೋಡ್ಬೇಡ, ಭುಜ ನೋಡು. ಭುಜ ತಿರುಗಿದ್ಮೇಲೆ ಅವಳನ್ನ ದೇವರೂ ತಡೆಯಕ್ಕಾಗಲ್ಲ, ನೀನ್ಯಾವ ಲೆಕ್ಕ?"

ಮಧ್ಯಾಹ್ನದ ಊಟವಾದ ಮೇಲೆ ಅವರು ಕೂಗುವುದನ್ನೇ ನಿಲ್ಲಿಸಿದರು. "ಇನ್ಮೇಲೆ ನೀನೇ ನೋಡಿ ಮಾಡು." ಸಂಜೆಯೊಳಗೆ ನಾನು ಬಿದ್ದದ್ದು ಇನ್ನು ಎರಡೇ ಸಲ.

ಮುಂದಿನ ಮಾರ್ಚ್. ಅದೇ ಫೈನಲ್, ಅದೇ ಕೆಸ್ಲರ್, ಅದೇ ಲೊರೇನ್! ಮೂರು ವಾರ ಚಳಿಯಲ್ಲಿ ಹಸುಗಳ ಹೆರಿಗೆ ಮಾಡಿಸಿ ಕೋಚ್‌ಗೆ ಗಂಟಲೇ ಕಟ್ಟಿಹೋಗಿತ್ತು. ಕೂಗಿ ಹೇಳುವವರು ಯಾರೂ ಇಲ್ಲ. ನನ್ನ ಹೆಸರಿನಲ್ಲಿ ಆಗಲೇ ನಾಲ್ಕು ಫೌಲ್, ಐದಾದರೆ ಹೊರಗೆ. ನಾವು ಮೂರು ಅಂಕ ಮುಂದೆ, ಉಳಿದದ್ದು ನಾಲ್ಕು ಸೆಕೆಂಡು. ಲೊರೇನ್ ಬಂದಳು, ಗೂಳಿ ಬಂದಂತೆ ಬಂದಳು! ಮುಟ್ಟಿದೆನೋ, ಬುಟ್ಟಿಯ ಎರಡಕ್ಕೆ ಪುಕ್ಕಟೆಯದೊಂದು ಸೇರಿ ಪಂದ್ಯ ಸಮ, ನಾನು ಮನೆಗೆ, ಮಿಕ್ಕವರು ನಾಲ್ಕೇ ಜನ. ನನ್ನ ಕೈಗಳು ಆಗಲೇ ಮೇಲೆದ್ದಿದ್ದವು. ಆಗ ಅವಳ ಭುಜ ತಿರುಗಿತು.

ನಾನು ಸರಿದೆ.

ಲೊರೇನ್‌ಗೇ ಗಾಬರಿಯಾಗಿರಬೇಕು. ಆರಾಮವಾಗಿ ಚೆಂಡು ಹಾಕಿ ಎರಡು ಅಂಕ ಪಡೆದು ತಿರುಗಿ ನೋಡುವಷ್ಟರಲ್ಲಿ ಹಾರ್ನ್ ಕೂಗಿತು. ಒಂದು ಅಂಕದಲ್ಲಿ ಗೆದ್ದಿದ್ದೆವು! ನಮ್ಮ ಕಡೆಯ ಟೋಪಿಗಳೆಲ್ಲ ಒಟ್ಟಿಗೇ ಹಾರಿದವು. "ಬಿಟ್ಳು ಕಣ್ರೋ! ರೋಂಡಾ ಬಿಟ್ಳು!" ಅಂತ ಯಾರೋ ಅರಚುತ್ತಿದ್ದರು. ನೋಡಿದರೆ ನಮ್ಮಪ್ಪ.

ವಾಪಸ್ಸು ಬರುವಾಗ ಕೋಚ್ ಎಂದಿನಂತೆ ಬಸ್ಸು ಓಡಿಸುತ್ತಿದ್ದರು. ಗೆದ್ದವರನ್ನು ಮೆರೆಸಿ ಕರೆದೊಯ್ಯಲು ಊರಬಾಗಿಲಲ್ಲಿ ಅಗ್ನಿಶಾಮಕ ಲಾರಿ ಸೈರನ್ ಹಾಕಿಕೊಂಡು ಕಾಯುತ್ತಿತ್ತು. ನಾನು ಅವರ ಸೀಟಿನ ಹಿಂದೆ ಹೋಗಿ ನಿಂತೆ.

"ಕೋಚ್, ನಾನು ಬಿಡ್ತೀನಿ ಅಂತ ನಿಮಗೆ ಗೊತ್ತಿತ್ತಾ?"

"ನಾನೆಲ್ಲಿ ನೋಡ್ದೆ? ಕಣ್ಣು ಮುಚ್ಕೊಂಡಿದ್ದೆ," ಅಂದರು, ಗೊಗ್ಗರು ದನಿಯಲ್ಲಿ.

ನಲವತ್ತು ವರ್ಷ ಅದನ್ನು ನಂಬಿದ್ದೆ. ಮೊನ್ನೆಯೂ ಅದನ್ನೇ ಹೇಳಿ ಮಾತು ಮುಗಿಸಿದೆ. ಜನ ನಕ್ಕರು. ಆಗ ಮುಂದಿನ ಸಾಲಿನಿಂದ ಅವರ ಹೆಂಡತಿ ಸಿಗ್ನಾ ಎದ್ದು ನಿಂತರು. ಎಂಬತ್ತಾರು ವರ್ಷ ಅವರಿಗೆ.

"ಸುಳ್ಳು! ಶುದ್ಧ ಸುಳ್ಳು! ರೆಪ್ಪೆ ಕೂಡ ಮಿಟುಕಿಸಿರ್ಲಿಲ್ಲ ಕಣೇ. ಪ್ರತಿ ಮಾರ್ಚಲ್ಲೂ ನನ್ನನ್ನ ಲೊರೇನ್ ಮಾಡಿ, ಒಲೆಯಿಂದ ಬಾಗಿಲ ತನಕ ಓಡಿಸ್ತಿದ್ರು. ತಾವು ರೋಂಡಾ ಆಗಿ ಬಾಗಿಲಲ್ಲಿ ನಿಲ್ತಿದ್ರು. 'ಮೊದ್ಲು ಎಡಗಾಲು, ನೋಡು ಸಿಗ್ನಾ, ಎಡಗಾಲು! ಆಮೇಲೆ ಕೈ ಹಿಂದಕ್ಕೆ!' ಹೋದ ಮಾರ್ಚಲ್ಲಿ ವಾಕರ್ ಹಿಡ್ಕೊಂಡೂ ಮಾಡಿದ್ರು. ನಂಗೆ ಮಂಡಿ ನೋವು ಅಂದ್ರೆ ಕೇಳ್ಬೇಕಲ್ಲ!"

ಜಿಮ್ಮಿಗೆ ಜಿಮ್ಮೇ ನಗುತ್ತಾ ಚಪ್ಪಾಳೆ ತಟ್ಟಿತು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಯಾವ ಕಾಲು ಮೊದಲು ಸರಿಸಿದ್ದೆನೋ ನನಗೇ ನೆನಪಿರಲಿಲ್ಲ.

ಕೊನೆಗೆ ಕೋಚ್ ಮಲಗಿದ್ದ ಪೆಟ್ಟಿಗೆ ಎತ್ತಿದರು. ನಾನು ಜಿಮ್ಮಿನ ಬಾಗಿಲಲ್ಲೇ ನಿಂತಿದ್ದೆ. ಹೊತ್ತವರು ನನ್ನ ಎದುರಿಗೇ ಬಂದರು. ಎಡಗಾಲು ಸರಿಸಿ, ಕೈ ಹಿಂದಕ್ಕೆ ಇಟ್ಟುಕೊಂಡು ದಾರಿ ಬಿಟ್ಟೆ.