ಮಗ್ಗದ ಮನೆಯ ಕೂಸು

ಆಗ ನಾನು ಜಮಖಂಡಿ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದೆ. ತಂದೆತಾಯಿ ಇಲ್ಲದ ಎಳೆಯ ಮಕ್ಕಳನ್ನು ಸರಕಾರದವರು ಬೇರೆಯವರ ಮನೆಯಲ್ಲಿ ಸಾಕಲು ಬಿಟ್ಟಾಗ, ತಿಂಗಳಿಗೊಮ್ಮೆ ಹೋಗಿ ಅವರ ಊಟ, ಆರೋಗ್ಯ ನೋಡಿ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಾನೂನು ಓದಿದವಳಿಗೆ ಕೂಸಿನ ಆರೋಗ್ಯ ಏನು ತಿಳಿಯಬೇಕು? ತಿಳಿದವರನ್ನು ಕೇಳುವಷ್ಟು ವಿನಯವೂ ನನಗಿರಲಿಲ್ಲ. ತೂಕ ಹೆಚ್ಚಿದೆಯೇ, ಲಸಿಕೆ ಆಗಿದೆಯೇ, ಮೈಮೇಲೆ ಗಾಯವಿದೆಯೇ, ಇಷ್ಟು ನೋಡಿ ಸಹಿ ಹಾಕುತ್ತಿದ್ದೆ.

ಬನಹಟ್ಟಿಯ ಆ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳು. ಬೀಳಗಿಯ ಬಸ್ ನಿಲ್ದಾಣದಲ್ಲಿ ಯಾರೋ ಬಿಟ್ಟುಹೋದ ಹೆಣ್ಣುಕೂಸನ್ನು ಮಕ್ಕಳಿಲ್ಲದ ನೇಕಾರ ದಂಪತಿ ಸಾಕುತ್ತಿದ್ದರು. ಕೂಸಿಗೆ ಒಂದೂವರೆ ವರ್ಷ. ಮಗ್ಗದ ಸದ್ದಿನಲ್ಲಿ ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಎಲ್ಲರೂ ತುಟಿ ನೋಡಿ, ಕೈಸನ್ನೆ ಮಾಡಿ ಮಾತು ಮುಗಿಸುತ್ತಿದ್ದರು. ಕೂಸೂ ನನ್ನೆದುರು ಕುಳಿತು ತುಟಿ ಆಡಿಸುತ್ತಲೇ ಇರುತ್ತಿತ್ತು. ಭಾರೀ ಮಾತುಗಾರ್ತಿ ಎಂದುಕೊಂಡು ನಾನೂ ತಲೆಯಾಡಿಸುತ್ತಿದ್ದೆ. ‘ಚೆನ್ನಾಗಿ ಮಾತಾಡುತ್ತದೆ, ಗದ್ದಲದಲ್ಲೂ ಹಾಯಾಗಿ ನಿದ್ರಿಸುತ್ತದೆ’ ಎಂದು ಮೂರು ತಿಂಗಳು ಬರೆದೆ.

ನಾಲ್ಕನೆಯ ಸಲ ಹೋದದ್ದು ಮಧ್ಯಾಹ್ನ. ಕೂಸು ಎಂದಿನಂತೆ ಮಾತಿಗೆ ಕುಳಿತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಮನೆಯ ಮಗ್ಗಗಳೂ ಓಣಿಯ ಮಗ್ಗಗಳೂ ಒಮ್ಮೆಲೇ ನಿಂತವು. ಕೂಸು ಮಾತು ನಿಲ್ಲಿಸಲಿಲ್ಲ. ಅದರ ತುಟಿಗಳು ತೆರೆದವು, ಕೂಡಿದವು, ನಕ್ಕವು. ಒಂದಿಷ್ಟೂ ದನಿ ಹೊರಡಲಿಲ್ಲ.

ಅದು ನೋಡುತ್ತಿದ್ದುದು ನನ್ನ ಕಣ್ಣನ್ನಲ್ಲ, ಬಾಯನ್ನು. ಆಮೇಲೆ ಎದ್ದು ಹೋಗಿ, ಮಗ್ಗ ನಡೆದಾಗಲೆಲ್ಲ ಅದುರುತ್ತಿದ್ದ ಪಕ್ಕದ ಗೋಡೆಗೆ ಎರಡೂ ಅಂಗೈ ಒತ್ತಿ ನಿಂತಿತು. ಗೋಡೆಯೊಳಗಿದ್ದ ಯಾರೋ ಎದ್ದು ಹೋದರೇನೋ ಎಂದು ಹುಡುಕುವ ಹಾಗಿತ್ತು. ನಾನು ಅದರ ಬೆನ್ನ ಹಿಂದೆ ಊಟದ ಗಂಗಾಳವನ್ನು ನೆಲಕ್ಕೆ ಎತ್ತಿ ಹಾಕಿದೆ. ಅಂಗಳದಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಮುದುಕಿ ಬೆಚ್ಚಿಬಿದ್ದಳು. ಕೂಸು ತಿರುಗಲಿಲ್ಲ.

ಸಾಕುತಾಯಿ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಇದು ಮೊದಲೇ ಗೊತ್ತಿತ್ತೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

“ಎಷ್ಟ ದಿನ ಆತು?” ಎಂದೆ.

“ಭಾಳ ದಿನ ಆತ್ರಿ ಅಕ್ಕಾರ. ನಿಮಗ ಹೇಳಿದ್ರ ನೀವು ಬರೀತೀರಿ. ನೀವು ಬರದ್ರ ಸರಕಾರದವರು ಕೂಸನ್ನ ಒಯ್ತಾರ. ಅದಕ್ಕ ದವಾಖಾನಿಗೂ ತೋರಿಸಲಿಲ್ರಿ.”

ನನಗೆ ಸಿಟ್ಟು ಬಂತು. ಅವಳ ಮೇಲೆ ಬಂದ ಸಿಟ್ಟೆಂದು ಆಗ ಅಂದುಕೊಂಡೆ.

“ಕಿವಿ ಕೇಳಸೂದಿಲ್ಲ ಅಂತ ಬರೀತೀನಿ. ನಿನ್ನ ಕಡೇನ ಇರಲಿ ಅಂತಾನೂ ಬರೀತೀನಿ. ನಾಳೆ ಬಾಗಲಕೋಟಿಗೆ ಹೋಗೂಣು, ನಡಿ” ಎಂದೆ.

ಬಾಗಲಕೋಟೆಯಲ್ಲಿ ಕಿವಿಯ ಡಾಕ್ಟರು ಪರೀಕ್ಷೆ ಮಾಡಿದರು. ಕಿವಿಗೆ ಮಷಿನ್ ಹಾಕಿಸಬಹುದು, ಆದರೆ ಮಾತು ಕಲಿಯುವ ವಯಸ್ಸು ಯಾರಿಗೂ ಕಾಯುವುದಿಲ್ಲ, ಇಷ್ಟು ತಿಂಗಳು ಸುಮ್ಮನೆ ಹೋದವಲ್ಲ ಎಂದರು. ಇಷ್ಟು ದಿನ ಇದರ ಆರೋಗ್ಯ ನೋಡಿಕೊಳ್ಳುತ್ತಿದ್ದವರು ಯಾರು ಎಂದು ಕೇಳಿದರು.

“ನಾನರೀ ಸಾಹೇಬ್ರ. ನಾನ ಮುಚ್ಚಿಟ್ಟಿದ್ದೆ” ಎಂದಳು ಸಾಕುತಾಯಿ.

ಡಾಕ್ಟರು ಅವಳನ್ನು ಎಲ್ಲರೆದುರು ಬೈದರು. ಅವಳು ಕೂಸನ್ನು ಎತ್ತಿಕೊಂಡು, ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಕೂಸು ಅವಳ ಬಳಿಯೇ ಉಳಿಯಲೆಂದು ನಾನು ಆಮೇಲೆ ಕಾಗದದ ಮೇಲೆ ವಾದಿಸಿದೆ, ಗೆದ್ದೆ. ಆದರೆ ಆ ದಿನ ಅವಳ ಪಕ್ಕದಲ್ಲೇ ನಿಂತಿದ್ದ ನಾನು, ಬೇರೆಯವರ ಪರ ವಾದಿಸಿ ಹೊಟ್ಟೆ ಹೊರೆಯುವವಳು, ಅವಳ ಪರ ಒಂದು ಮಾತೂ ಆಡಲಿಲ್ಲ.